ಅಂಚಿನ ಸಾಲು

ಭತ್ತದ ಹೂವಿನೊಳಗ ಆರು ಗಂಡು ಇರ್ತಾವ.
ಹನ್ನೊಂದು ವರ್ಷ ಎಣಿಸೀನಿ, ಯಾವತ್ತೂ ಆರ.
ಸಂಜಿ ನಾಕಕ್ಕ ಸ್ಟೂಲ್ ಹಾಕ್ಕೊಂಡು ಕುಂತು
ಹೂವಿನ ನೆತ್ತಿ ಕತ್ತರಿಸಿ, ಚಿಮಟದ ತುದೀಲೆ
ಒಂದೊಂದ ಎಳದು ತಗೀಬೇಕು,
ಹೆಣ್ಣಿಗೆ ಗೊತ್ತಾಗಧಂಗ.
ಆಮ್ಯಾಲ ಬೆಣ್ಣಿ ಕಾಗದದ ಟೊಪ್ಪಿಗಿ, ಪಿನ್ನು, ಚೀಟಿ.
ಚೀಟಿ ಪೆನ್ಸಿಲ್ಲಿಲೆ ಬರೀಬೇಕು,
ಪೆನ್ನಿಂದು ಗೋವಾ ಮಳಿಗೆ ಒಂದು ರಾತ್ರಿ ತಡಿಯೂದಿಲ್ಲ.
ತಾಯಿ ಹೆಸರು, ಗುಣಾಕಾರದ ಗುರ್ತು,
ತಂದಿ ಹೆಸರು, ತಾರೀಖು.
ಲಗ್ನಪತ್ರಿಕಿಯೊಳಗೂ ಇಷ್ಟ ಅಲ್ಲ?
ಬಾಜಾ ಬಾರಸಿದವರ ಹೆಸರು ಯಾರು ಹಾಕಸ್ತಾರ.

ನಾ ರೋಣದ ಕಡೆಯಾಕಿ, ಎರಿ ಹೊಲದಾಕಿ,
ಜ್ವಾಳ ಬಿಟ್ರ ಮತ್ತೊಂದು ಗೊತ್ತಿದ್ದಿಲ್ಲ.
ಹಾಜರಿ ಪುಸ್ತಕದಾಗ ಫಕ್ಕೀರವ್ವನ್ನ ಫಕೀರಾ ಮಾಡ್ಯಾರ.
ಗಂಡಸಿನ ಪಗಾರೇನು ಕೊಟ್ಟಿಲ್ಲ.

ಇಲ್ಲಿ ಹೊಳಿಗೂ ಗದ್ದಿಗೂ ನಡುವ ಮಣ್ಣಿನ ಒಡ್ಡು,
ಒಡ್ಡಿನಾಗ ಕಟಗೀ ಬಾಗಲದ ತೂಬು.
ಸಮುದ್ರ ಉಬ್ಬಿ ಹೊಳಿ ಹಿಂದಕ್ಕ ಹರದಾಗ
ನೀರು ನೂಕಿದ್ದಕ್ಕ ತಾನ ಮುಚ್ಕೋತದ,
ಇಳದಾಗ ತಾನ ತಕ್ಕೋತದ.
ಕೊಂಕಣಿಯವರು ಅದಕ್ಕ ಮಾನಸ ಅಂತಾರ.
ಮೊದಲ ಸಲ ಕೇಳಿದಾಗ
ಮನಸಿನ ಮಾತು ಹೇಳಲಿಕ್ಹತ್ಯಾರ ಅಂತ ತಿಳದು
ಗೋಣು ಹಾಕಿದ್ದೆ.

ಪಿಯೆದಾದ್ ಮಾಯಿ ದಿವಾಡಿ ನಡುಗಡ್ಡಿಯಾಕಿ.
ಫೆರಿ ಇಳದು ಬಂದ್ಲು, ಬಗಲಾಗ ಬಿಸ್ಕೀಟ್ ಡಬ್ಬಿ,
ಡಬ್ಬಿ ತುಂಬ ಕೊರ್ಗುಟ್, ಕೆಂಪಕ್ಕಿ ಭತ್ತ,
ಕಾಳಿಗೆ ಮುಳ್ಳಿನಂಥಾ ಮೀಸಿ.
ನಿಮ್ಮ ನಂಬರಿನ ಬೀಜ ಇರಲಿ, ಇದನ್ನ ನೋಡ್ರಿ ಅಂದ್ಲು.
ಕೆಂಕ್ರೆ ಮೇಡಮ್ಮು ನೋಡಿದ್ರು:
ಎತ್ತರಾಗ್ತದ, ಬೀಳ್ತದ, ಎಕರೆಕ ಕಡಿಮಿ.
ಡಬ್ಬಿ ತಿರುಗಿ ಕೊಡೂ ಧೈರ್ಯ ಮಾತ್ರ ಆಗಲಿಲ್ಲ.
"ಫಕೀರಾ, ಇದನ್ನ ಅಂಚಿಗೆ ಹಚ್ಚು."

ಪ್ರಯೋಗದ ಮಡಿ ಸುತ್ತ ಎರಡು ಸಾಲು ಹೆಚ್ಚಿಗಿ ಹಚ್ತಾರ,
ಗಾಳಿ, ಇಲಿ, ದಾರಿ ತಪ್ಪಿದ ಎಮ್ಮಿ
ಏನ ಬಂದ್ರೂ ಮೊದಲು ಅದಕ್ಕ ಬಡೀಲಿ ಅಂತ.
ಸುಗ್ಗಿಯಾಗ ಅದನ್ನೂ ಕೊಯ್ತಾರ. ತೂಗೂದಿಲ್ಲ.
ನಾ ಇರೂ ಖೋಲೀನೂ ಊರ ಅಂಚಿಗೇ ಅದ,
ಅದರ ಮಾತು ಈಗ ಬ್ಯಾಡ.

ಆಗಸ್ಟಿನ ಅಮಾಸಿ, ನಡುರಾತ್ರಿ ಭರತಿ.
ಏಡಿ ತೋಡಿದ ಬಿಲ
ಒಡ್ಡನ್ನ ಒಳಗಿಂದೊಳಗ ತಿಂದು ಮುಗಿಸಿದ್ವು.
ಮಾನಸ ಮುಚ್ಚೇ ಇತ್ತು, ಪಾಪ,
ಅದರ ಮಗ್ಗಲಾಗ ಒಡ್ಡು ಕುಸೀತು.
ಮೂರು ದಿನ ಉಪ್ಪುನೀರು.
ನಾಕನೇ ದಿನ ಮಣ್ಣಿಗೆ ಮೀಟರ್ ಇಟ್ಟು
ಅಂಕಿ ನೋಡಿದ ಮೇಡಮ್ಮು ಬ್ಯಾಟರಿ ಬದಲಿ ಮಾಡಿದ್ರು.
ಮತ್ತ ಅದ ಅಂಕಿ.

ನಲವತ್ತೆಂಟು ಮಡಿ, ನಾ ಕೂಡಿಸಿದ ಲಗ್ನದ ಮಕ್ಕಳು,
ಮೊದಲು ಎಲಿ ತುದಿ ಬೆಳ್ಳಗ,
ವಾರದಾಗ ಸುಟ್ಟ ಕಾಗದ.
ಪೆನ್ಸಿಲ್ ಬರಹ ಒಂದಕ್ಷರ ಅಳಿಸಿದ್ದಿಲ್ಲ.

ಅಂಚಿಗೆ ಕೊರ್ಗುಟ್ ನಿಂತಿತ್ತು.
ಹಸರಾಗೇನಲ್ಲ, ಹಳದಿ ಹೊಡದು,
ಮೈಯೆಲ್ಲಾ ರಾಡಿ, ಎಮ್ಮಿ ತುಳದ ಜಾಗಾದಾಗ ಸೊಟ್ಟ.
ನಿಂತಿತ್ತು. ಅಕ್ಟೋಬರದಾಗ ತೆನಿ ಹಾಕ್ತು.

ಮೇಡಮ್ಮು ದಪ್ಪ ಪುಸ್ತಕ ತಗದ್ರು.
ಅಂಚಿನ ಸಾಲಿಗೆ ಕಾಲಮ್ಮೇ ಇದ್ದಿಲ್ಲ.
ಸ್ಕೇಲ್ ಇಟ್ಟು ಮಾರ್ಜಿನ್ನಿನಾಗ ಒಂದು ಗೆರಿ ಎಳದು
ಚಾ ಆರೂತನಕ ಹಂಗ ಕುಂತ್ರು.

ನಾ ಹಿಡಿ ತೆನಿ ಕೊಯ್ದು
ಊಟದ ಡಬ್ಬಿಯೊಳಗ ಹಾಕ್ಕೊಂಡು ಫೆರಿ ಹತ್ತಿದೆ.
ಪಿಯೆದಾದ್ ಮಾಯಿ ಒಂದು ಕಾಳು ಹಲ್ಲಿಲೆ ಕಡದು,
ಒಂದು ಕಣ್ಣು ಮುಚ್ಚಿ, ಹೊಟ್ಟಿ ಹಿಡಕೊಂಡು ನಕ್ಕಳು.
"ಅಯ್ಯ, ಇದು ಕೋಳಿಗೆ ಹಾಕೂ ಡಬ್ಬೀದು!
ಫೆರಿ ತಪ್ಪೀತಂತ ಅವಸರದಾಗ ಅದನ್ನ ತಂದಿದ್ದೆ.
ಬೀಜದ್ದು ಮಾಡದಾಗ ಅದ. ಒಯ್ಯತೀ ಏನು?"

ಒಯ್ದೆ.
ಈ ವರ್ಷ ಪೆನ್ಸಿಲ್ ಹೆರದು
ತಾಯಿ ಅಂತ ಬರಿಯೂ ಕಡೆ ಕೊರ್ಗುಟ್ ಅಂತ ಬರದೀನಿ.
ಗುಣಾಕಾರದ ಗುರ್ತೂ ಹಾಕೀನಿ.
ಟೊಪ್ಪಿಗಿ ಏರಿಸಿ ಪಿನ್ನು ಚುಚ್ಚಿ ಎದ್ದಾಗ
ಸೂರ್ಯ ಹೊಳಿ ಆಚೆ ಇದ್ದ, ತೂಬಿನ ಬಾಗಲ ಕಿರ್ ಅಂದು ತಕ್ಕೊಂತು.
ನಾಳೆ ಹತ್ತಕ್ಕ ಹೂ ಅರಳ್ತದ.
ತಂದಿ ಯಾರು ಅಂತ
ಮೇಡಮ್ಮು ಇನ್ನೂ ಹೇಳಿಲ್ಲ.