ಒಂದು ಕಿಲೋ ನಾಕನೂರು ಗ್ರಾಂ

ಡಬ್ಬಿ ಮ್ಯಾಲ ಬರದದ: ಬಿಸಿನೆಸ್.
ನನ್ನ ಬಿಸಿನೆಸ್ ಅಂದ್ರ
ಅಕ್ಕಲಕೋಟ ತಹಸೀಲ ಕಚೇರಿ ಎದುರಿಗಿ
ಒಂದು ಮೇಜು, ಎರಡು ಕುರ್ಚಿ, ಒಂದರ ಕೈ ಮುರದದ,
ಬ್ಯಾಂಕಿನವರು ಪುಕ್ಕಟೆ ಕೊಟ್ಟ ಛತ್ರಿ.
ಉತಾರಾದ ಅರ್ಜಿ, ಉತ್ಪನ್ನದ ದಾಖಲೆ,
ಹುಟ್ಟಿದ ತಾರೀಖಿನ ತಿದ್ದುಪಡಿ.
ಹಾಳಿಗಿ ಇಪ್ಪತ್ತು ರೂಪಾಯಿ.
ನಿನ್ನಿ ತನಕ ಝೆರಾಕ್ಸ್ ಅಂಗಡಿ ಶಿವಲಿಂಗನ
ಹಳೆ ಕಂಪ್ಯೂಟರ್, ತಾಸಿನ ಬಾಡಿಗಿಗಿ.

ಸೊಲ್ಲಾಪುರ ನವಿ ಪೇಠದ ದುಕಾನಿನ ಹುಡುಗ ಹೇಳಿದ,
"ಅಕ್ಕಾ, ನೋಡಾಕ ಚಂದಿಲ್ಲ ಖರೆ, ಬಾಳಿಕಿ ಬರ್ತದ."
ನೆಂಟಸ್ತನ ಹಚ್ಚೋ ಮುದುಕರ ಮಾತು.
ನನ್ನ ಬಗ್ಗೆನೂ ಹಂಗೇ ಹೇಳಿದ್ರು ಒಂದು ಕಾಲಕ್ಕ.
ಹನ್ನೆರಡು ಹಪ್ತಾ. ಬಡ್ಡಿ ಇಲ್ಲಂತ.
ಬಡ್ಡಿಗಿ ಬ್ಯಾರೆ ಹೆಸರು ಇಟ್ಟಾರ, ಅಷ್ಟೇ.
ತಿಂಗಳಿಗಿ ನೂರೈವತ್ತು ಹಾಳಿ ಬರೀಬೇಕು ಇದರ ಸಲುವಾಗಿ,
ಇದರ ಮ್ಯಾಲೇ.

ಒಂದ ಕೈಲೆ ಏಳೂದಿಲ್ಲ ಮುಚ್ಚಳ.
ಒಂದು ಕೈ ತಲಿ ಎತ್ತಬೇಕು, ಇನ್ನೊಂದು ಬುಡ ಹಿಡೀಬೇಕು.
ಲೋಹ ಅಂದಿದ್ದ; ಉಗುರಿಲೆ ಬಡದ್ರ ಪ್ಲಾಸ್ಟಿಕ್.
ಗುಂಡಿ ಮಾತ್ರ ಛಲೋ ಅವ.
ಒತ್ತಿದ್ರ ಒಳಗ ಹೋಗಿ, ಹ್ಞೂಂ ಅಂದು, ಮ್ಯಾಲ ಬರ್ತಾವ,
ಪೂರ್ತಿ ಮಾತು ಕೇಳಿಸಿಕೊಂಡವರ ಹಂಗ.
ಕಚೇರಿಯಾಗ ಅಂಥವರು ಯಾರಿಲ್ಲ.
ಕ್ಯಾಮೆರಾಕ್ಕ ಒಂದು ಸಣ್ಣ ಪಡದಿ, ಉಗುರಿನಷ್ಟು,
ಸರಿಸಿದ್ರ ಮುಚ್ಚತದ.
ಯಾರೋ ಹೆಂಗಸಿಗಿ ಹೊಳದಿರಬೇಕು.

ಮಧ್ಯಾಹ್ನದ ಬಿಸಲಾಗ ಪರದಿ ಮಬ್ಬ.
ಬೆಳಕು ಪೂರಾ ಏರಿಸಿದೆ, ಆದ್ರೂ ಅಕ್ಷರ ತೇಲತಾವ.
ಮೇಜೇ ತಿರುವಿಬಿಟ್ಟೆ.
ಹನ್ನೊಂದು ವರ್ಷ ಕಚೇರಿ ಬಾಗಿಲಿಗಿ ಮಾರಿ ಮಾಡಿ ಕುಂತಾಕಿ
ಈಗ ಅದಕ್ಕ ಬೆನ್ನ ತೋರಿಸಿ ಕುಂತೀನಿ.

ಮನ್ಯಾಗ ರಾತ್ರಿ ಅವ್ವ
ಎರಡೂ ಅಂಗೈಯಾಗ ಇಟಗೊಂಡು ತೂಗಿದಳು.
ಮೂವತ್ತು ವರ್ಷ ಸೊಲ್ಲಾಪುರದಾಗ ಬೀಡಿ ಕಟ್ಟಿದ ಕೈ.
ಕಾರಖಾನಿಯವ ಎಲಿ ತೂಗಿ ಕೊಟ್ರ
ತಕ್ಕಡಿಕಿಂತ ಮೊದಲು ಸುಳ್ಳು ಹಿಡಿಯೋ ಕೈ.
"ಕಿಲೋ ಒಂದು. ಮ್ಯಾಲ ನಾಕನೂರು."
ಡಬ್ಬಿ ತಿರುವಿ ನೋಡಿದೆ. ಅಷ್ಟೇ ಬರದದ.

ಬೆರಳು ಇಡು ಅಂತು.
ತೋರುಬೆರಳು ಇಟ್ಟೆ. ಮತ್ತೊಮ್ಮೆ.
ಹೆಬ್ಬೆರಳು. ಮತ್ತೊಮ್ಮೆ. ಒರಸಿ ಇಡು. ಒರಸಿದೆ.
ಹತ್ತನೇ ತನಕ ಅವ್ವನ ಬಾಜೂಕ ಕುಂತು
ಸಾಲಿ ಬಿಟ್ಟ ಮ್ಯಾಲ ದಿನಕ್ಕ ಮುನ್ನೂರು ಬೀಡಿ.
ನನ್ನ ಗೆರಿ ಯಾರ್ಯಾರೋ ಸೇದಿಬಿಟ್ಟಾರ.
ಅವ್ವನ ಗುರುತಂತೂ ರೇಷನ್ ಅಂಗಡಿ ಯಂತ್ರ
ಮರತು ಯಾವ ಕಾಲ ಆತೋ.
ಕಡೀಕ ಎಡಗೈ ಕಿರುಬೆರಳು ಇಟ್ಟೆ.
ಬೀಡಿ ಸುತ್ತೂವಾಗ ಅದಕ್ಕ ಕೆಲಸ ಇರಲಿಲ್ಲ,
ಬ್ಯಾರೆ ನಿಂತು ನೋಡತಿತ್ತು.
ಅದನ್ನ ಗುರುತ ಹಿಡೀತು.

ಕಚೇರಿಗಿ ಮರಾಠಿ ಬೇಕು, ಹಾಕಿಕೊಂಡೆ.
ಕನ್ನಡಾನೂ ಹಾಕಿಕೊಂಡೆ, ಯಾರಿಗಿ ಬೇಕು ಅಂತ ಕೇಳಬ್ಯಾಡ್ರಿ.
ರೇಷನ್ ಕಾರ್ಡಿನಾಗ, ಮತದಾರರ ಪಟ್ಟಿಯಾಗ,
ಪಿಂಚಣಿ ಪುಸ್ತಕದಾಗ ಅವ್ವ ಹೋನ್ನವ್ವಾ.
ಆ ಬರವಣಿಗಿಯಾಗ ಗಿಡ್ಡ ಒ ಇಲ್ಲ, ಅವರದೇನು ತಪ್ಪು?
ನನ್ನ ಕೈಲೇ ಎಷ್ಟು ಸಲ ಹಂಗ ಬರದೀನಿ,
ಇಪ್ಪತ್ತು ರೂಪಾಯಿ ತಗೊಳ್ಳದೆ.

ಹೊಸ ಫೈಲು ತೆರದೆ.
ನಮ್ಮ ಅಕ್ಷರ ಯಾವ ಗುಂಡಿ ಕೆಳಗ ಕುಂತಾವ ತಿಳೀದೆ
ಹುಡುಕಿ, ಅಳಿಸಿ, ಹುಡುಕಿ ಒತ್ತಿದೆ:
ಹೊನ್ನವ್ವ.
ಕೆಳಗ ಕೆಂಪು ಗೆರಿ ಎಳೀತು. ಇಂಥ ಶಬ್ದ ಇಲ್ಲಂತ.
ಸೇರಿಸಿಕೋ, ಅಂದೆ.
ಅವ್ವಗ ಓದಾಕ ಬರೂದಿಲ್ಲ, ಗೆರಿ ಹೋಗಿದ್ದು ಕಂಡಳು.
"ದುರಸ್ತ ಆತೇನು?"

ಬ್ಯಾಟರಿ ಎಂಟು ತಾಸು ಅಂದಿದ್ದ, ಐದಕ್ಕ ಮುಗೀತು.
ಇವತ್ತು ಮುಂಜಾನೆ ಮೊದಲನೇ ಗಿರಾಕಿ
ತೋಳನೂರದ ಮಾಳಪ್ಪ ಬಂದು ನಿಂತಾನ,
ಟೊಪ್ಪಗಿ ಕೈಯಾಗ,
ಮೇಜಿನ ಯಾವ ಕಡಿ ಕೂಡಬೇಕು ತಿಳೀದೆ.