ಬೆಲ್ಟಿಲ್ಲದ ಮೋಟಾರು

ಫೆಲ್ಗೇರಾಸ್‌ನಲ್ಲಿ ಗ್ಯಾರೇಜು ಅಂದರೆ ಕಾರು ನಿಲ್ಲುವ ಜಾಗವಲ್ಲ.
ಕಾರು ರಸ್ತೆಯಲ್ಲಿ ನೆನೆಯುತ್ತದೆ.
ಒಳಗೆ ಒಂದು ಮಿಷನ್ನು, ಒಂದು ಟ್ಯೂಬ್‌ಲೈಟು,
ಬೂಟಾಗಲು ಕಾದು ಕೂತ ಚರ್ಮದ ತುಂಡುಗಳು,
ಅಂಟಿನ ಘಾಟು,
ಮತ್ತು ಒಬ್ಬ ಹೆಂಗಸು.

ಡೆಲ್ಫಿನಾಳ ಗ್ಯಾರೇಜಿಗೆ ನನ್ನನ್ನು ಕರೆಸಿದವನು
ಮೊಮ್ಮಗ ಲೋರೆನ್ಸು.
"ಕರೆಂಟು ಬಿಲ್ಲು ನೋಡಿ ಅರ್ಲಿಂದು ಮಾಮ,
ಅಜ್ಜಿ ಹೊಲಿಯಲಿ ಬಿಡಲಿ, ಅದು ತಿರುಗುತ್ತಲೇ ಇರುತ್ತದೆ."
ಸುಳ್ಳಲ್ಲ. ಕ್ಲಚ್ ಮೋಟಾರಿನ ಜಾತಿಯೇ ಅಂಥದ್ದು.
ಗುಂಡಿ ಒತ್ತಿದ ಗಳಿಗೆಯಿಂದ ಗುಂಯ್ ಅನ್ನುತ್ತ,
ಕಾಲು ಕೇಳಿದಾಗ ಕೊಟ್ಟು,
ಕೇಳದಿದ್ದಾಗಲೂ ತನ್ನಷ್ಟಕ್ಕೆ ದುಡಿಯುತ್ತ.

ಮೇಜಿನಡಿ ಅಂಗಾತ ಮಲಗಿದೆ.
ನಲವತ್ತೊಂದು ವರ್ಷದ ಎಣ್ಣೆ, ಚರ್ಮದ ಹುಡಿ, ಕೂದಲು
ಕೂಡಿ, ಏರಿದ ಪಾಕದ ಹಾಗೆ ಕಚ್ಚಿಕೊಂಡಿತ್ತು.
ಮೂರು ಬೋಲ್ಟು. ಎರಡು ಮಾತು ಕೇಳಿ ಬಂದವು.
ಮೂರನೆಯದಕ್ಕೆ ಸೀಮೆಎಣ್ಣೆ, ಸುತ್ತಿಗೆ, ಆಮೇಲೆ ಬೈಗುಳ.
ಬಿಚ್ಚಿದ ಮೋಟಾರು ಎದೆಯ ಮೇಲೆ ಇಳಿದಾಗ
ಹಸುಗೂಸಿನ ಬಿಸಿ, ರುಬ್ಬುಗಲ್ಲಿನ ಭಾರ.

ಹೊಸದು ಹಗುರ, ಒಂದು ಜೋಳದ ರೊಟ್ಟಿಯುಂಡೆಯಷ್ಟು ದಪ್ಪ.
ಹಳೆ ತೂತು ಹೊಂದಲಿಲ್ಲ, ಬೇರೆ ಕೊರೆದೆ.
ಹಳೆ ಬೆಲ್ಟು ಜೋಲಿತು; ನನ್ನ ಚೀಲದ ಗಿಡ್ಡದ್ದು ಕೂತಿತು.
ಮೊದಲ ಸಲ ಚಕ್ರ ಹಿಂದಕ್ಕೆ ತಿರುಗಿ
ನೂಲು ಗುಬ್ಬಿಗೂಡು ಕಟ್ಟಿತು.
ದಿಕ್ಕಿನ ಸ್ವಿಚ್ಚು ಬದಲಿಸಿದೆ.

"ಒತ್ತಿ ನೋಡಿ."
ಒತ್ತಿದಳು. ಒಂದೇ ಹೊಲಿಗೆ. ನಿಂತಿತು.
ಹಳೆಯದರ ಮೇಲೆ, ಮುಂಗಾಲನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು,
ಬೆರಳಿಗೆ ಎರಡು ಸಲ ಸೂಜಿ ಹೊಕ್ಕ ಮೇಲೆ
ಬಂದಿದ್ದ ಹದ ಅದು.
ಈಗ ಮೊಮ್ಮಗ ಒತ್ತಿದರೂ ಒಂದೇ ಹೊಲಿಗೆ.
ಅವಳು ಹೊಗಳಲಿಲ್ಲ.
"ಆನ್ ಆಗಿದೆಯಾ?" ಅಂದಳು.
ಆಗಿದೆ.
"ಮತ್ತೆ ಏನೂ ಕೇಳಿಸುವುದಿಲ್ಲ?"
ಅದೇ ಇದರ ಹೆಚ್ಚುಗಾರಿಕೆ ಅಂದೆ, ಮಾರುವವನ ಬಾಯಲ್ಲಿ.

ಹನ್ನೊಂದು ದಿನ ಬಿಟ್ಟು ಸೂಜಿ ಕೊಡಲು ಹೋದರೆ
ಬಾಗಿಲಲ್ಲೇ ಗುಂಯ್.
ಮೇಜಿನಡಿ, ಕಾಲೊರೆಸುವ ಚಾಪೆಯ ಮೇಲೆ,
ಹಳೆ ಮೋಟಾರು. ಬೆಲ್ಟಿಲ್ಲ, ಕೆಲಸವಿಲ್ಲ,
ಬರಿ ಗಾಳಿಯನ್ನು ತಿರುಗಿಸುತ್ತಿತ್ತು.
ಅದರ ಪಕ್ಕ ಹೊಸದು ಸದ್ದಿಲ್ಲದೆ ಹೊಲಿಯುತ್ತಿತ್ತು.
ಅವಳ ತುಟಿ ಆಡುತ್ತಿತ್ತು,
ನನ್ನನ್ನು ನೋಡುವ ತನಕ.

ಎದುರಿನ ಖಾಲಿ ಜಾಗ ನಾನು ಬಲ್ಲೆ.
ಅಲ್ಲೊಂದು ಮಿಷನ್ನಿತ್ತು, ಅದರ ಹಿಂದೆ ತಂಗಿ ಇದಾಲಿನಾ.
ಅಕ್ಕ ಬೂಟಿನ ಮೂತಿ ಹೊಲಿದರೆ ತಂಗಿ ಹಿಮ್ಮಡಿ,
ಎರಡು ಮೋಟಾರಿನ ಗದ್ದಲದ ಅಡಿಯಲ್ಲಿ
ಊರಿನ ಮಾನ ಹರಾಜು.
ಹೊರಗೆ ನಿಂತವರಿಗೆ ಒಂದಕ್ಷರ ಬೀಳುತ್ತಿರಲಿಲ್ಲ.
ನಾನೂ ನಿಂತು ನೋಡಿದ್ದೇನೆ.
ಇದಾಲಿನಾ ಹೋಗಿ ಆರು ಚಳಿಗಾಲ.
ಮಿಷನ್ನು ಮಾರಿದರು.

"ಲೋರೆನ್ಸು ಮಹಡಿಯಿಂದ ಕೂಗಿದ,"
ಚರ್ಮದ ಅಂಚು ನೋಡುತ್ತಲೇ ಅಂದಳು,
"'ಅಜ್ಜಿ, ಯಾರ ಜೊತೆ ಮಾತು?' ಅಂತ.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ."

ಮಂಡಿಯೂರಿ ಬೇರಿಂಗಿಗೆ ಕಿವಿಯಿಟ್ಟೆ.
ಒಣಗಿತ್ತು. ಗ್ರೀಸು ತುಂಬಿದೆ.
ಜಾರದಿರಲೆಂದು ಅಡಿಗೊಂದು ರಬ್ಬರು ತುಂಡು,
ಲಂಗದ ಅಂಚು ಸಿಕ್ಕದಿರಲೆಂದು ರಾಟೆಗೆ ತಗಡಿನ ಮುಚ್ಚಳ.
ಬಿಲ್ಲಿನಲ್ಲಿ ಸೂಜಿ ಮಾತ್ರ ಬರೆದೆ.

ತಿಂಗಳಾದ ಮೇಲೆ ಲೋರೆನ್ಸು ಫೋನು ಮಾಡಿದ:
ಮಾಮ, ಕರೆಂಟು ಬಿಲ್ಲು ಇಳಿದೇ ಇಲ್ಲವಲ್ಲ?
ಹೊಸ ಮೋಟಾರು, ಹೊಂದಿಕೊಳ್ಳಲಿ, ಅಂದೆ.
ಎಷ್ಟು ದಿನ ಬೇಕು, ಅಂದ.
ಲೈನು ಸರಿಯಿಲ್ಲ ಮಗಾ,
ಏನೂ ಕೇಳಿಸುತ್ತಿಲ್ಲ.