ಬೀರುವಿನ ಕೀಲಿ

ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಬೋರ್ಡು,
ಅಂಗೈಗಿಂತ ಚಿಕ್ಕದು.
ಕಬ್ಬನ್‌ಪೇಟೆಯ ಈ ಮಗ್ಗದ ನೆತ್ತಿಯಲ್ಲಿ ಕೂತು
ತೂತಿನ ರಟ್ಟುಗಳ ಕೆಲಸ ಮಾಡಬೇಕು.

ಸಂಜೆಯಿಂದ ಕರ್ನಲ್ಲಿಗೆ ಉತ್ತರ ಹೇಳುತ್ತಿದ್ದೇನೆ.
ಸದ್ದು ಬೇಕೇ? ಬೇಡ, ಮಗ್ಗಕ್ಕೆ ತನ್ನದೇ ಇದೆ.
ಪರದೆ? ಬೇಡ. ಬ್ಲೂಟೂತ್? ಬೇಡಪ್ಪಾ.
ಕೇರಿ ಕೇರಿ ಹೊಟ್ಟು ಹಾರಿದ ಮೇಲೆ
ಉಳಿದದ್ದು ನಾಲ್ಕು ಎಂಬಿ ಕಾಳು.

ಸೀರಿಯಲ್ ತಂತಿಯಲ್ಲಿ ಸುರಿದ ಅಕ್ಷರ
ತಟ್ಟನೆ ನಿಂತವು:
ರೂಟ್ ಸಿಗುತ್ತಿಲ್ಲ. ಪ್ಯಾನಿಕ್.

ಲಾಳಿ ನಿಲ್ಲಿಸಿ ಚೌಡಪ್ಪ ಏಣಿ ಹತ್ತಿದರು.
ಹೇಗೆ ಹೇಳಲಿ? ಕಾರ್ಡು ಓದುವ ಡ್ರೈವರನ್ನು
ಬಿಡಿ ಮಾಡ್ಯೂಲು ಮಾಡಿ
ಕಾರ್ಡಿನೊಳಗೇ ಇಟ್ಟಿದ್ದೆ.
"ಬೀರು ಕೀಲಿ ಬೀರುವೊಳಗೆ," ಅಂದರು, ನಗದೆ.
"ನಮ್ಮನೇಲೂ ಆಗಿತ್ತು. ಬಾಗಿಲು ಒಡೆದ್ವಿ."

ಒಡೆಯಲಿಲ್ಲ ನಾನು.
ಒಂದು ಎಂ ಅಳಿಸಿ ವೈ ಬರೆದೆ.
ಕಂಪೈಲ್ ಮುಗಿಯುವಷ್ಟರಲ್ಲಿ ಅವರು
ಕಡಿದ ಹನ್ನೊಂದು ಎಳೆಗೆ ಗಂಟು ಹಾಕಿದ್ದರು.

ಹಸಿರು ದೀಪ ಮಿಡಿಯಿತು, ನಿಂತಿತು, ಮಿಡಿಯಿತು.
ಮೊದಲ ಕೊಕ್ಕೆ ಎದ್ದಿತು.
ಎರಡನೆಯದು ಏಳಲಿಲ್ಲ.

"ಅದು ನಿಮ್ಮ ತಪ್ಪಲ್ಲ, ದಾರದ ಸಿಕ್ಕು,"
ಎಣ್ಣೆಗೈ ಪಂಚೆಗೆ ಒರೆಸಿಕೊಂಡು
ಚೌಡಪ್ಪ ಬಗ್ಗಿದರು.